ಮಾವ ತಂದ ಸೀರೆ

ಮಾರ್ಚ್ ಹನ್ನೆರಡು, ಬೆಳಿಗ್ಗೆ ಹತ್ತೂಕಾಲು. ಹೊಸೂರಿನ ಕಾರ್ಖಾನೆಯೊಂದರಲ್ಲಿ ವಾಚ್‌ಮನ್ ಕೆಲಸ ಮಾಡುವ ಚಿನ್ನಪ್ಪ ಸೀರೆ, ಬಳೆ, ಹೂವಿಟ್ಟ ತಟ್ಟೆ ಹಿಡಿದುಕೊಂಡೇ ಜವಳಗಿರಿ ಠಾಣೆಗೆ ಬಂದ. ಠಾಣೆಗೆ ಯಾರಾದರೂ ತಟ್ಟೆ ತರುತ್ತಾರೆಯೇ! ಇನ್‌ಸ್ಪೆಕ್ಟರ್ ವೇಣು ಕುರ್ಚಿ ತೋರಿಸಿದರು.

"ಏನ್ ದೂರು?"

"ರಮ್ಯಾನ ಹುಡುಕ್ಕೊಡಿ ಸಾರ್."

ರಮ್ಯ ಜವಳಗಿರಿಯ ಅನಾಥಾಶ್ರಮದ ಹುಡುಗಿಯಂತೆ. ಐದು ವರ್ಷದ ಹಿಂದೆ ಸಹಾಯ ಕೇಳುವ ಕಾಗದದ ಜೊತೆ ಅವಳ ಫೋಟೋ ಅಂಚೆಯಲ್ಲಿ ಬಂದಿತ್ತು. ಅಂದಿನಿಂದ ಚಿನ್ನಪ್ಪ ಮನಿಆರ್ಡರ್ ಮಾಡುತ್ತಿದ್ದ, ಅವಳು 'ಮಾವಾ' ಎಂದು ಬರೆಯುತ್ತಿದ್ದಳು. ಹೋದ ವಾರ, ತಾನು ದೊಡ್ಡವಳಾದೆನೆಂದು ಬರೆದಳು. ಹುಡುಗಿ ಮೈನೆರೆದರೆ ಸೋದರಮಾವ ಸೀರೆ ತರಬೇಕಲ್ಲ? ಚಿನ್ನಪ್ಪ ಒಂಟಿ ಮನುಷ್ಯ, ಒಡಹುಟ್ಟಿದವರಿಲ್ಲ. ಯಾರಿಗೋ ಮಾವನಾದದ್ದಕ್ಕೇ ಹಿಗ್ಗಿ, ರಜೆ ಹಾಕಿ ಹೊರಟುಬಂದಿದ್ದ. ಜವಳಗಿರಿಯಲ್ಲಿ ಕಾಗದದಲ್ಲಿದ್ದ ಹೆಸರಿನ ಆಶ್ರಮವೇ ಇರಲಿಲ್ಲ.

"ಮೋಸ ಅಂತ ಬರ್ಕೊಳ್ಳಾ?"

"ಮೊದ್ಲು ಮಗು ಎಲ್ಲೈತೆ ನೋಡಿ ಸಾರ್."

ಎಫ್‌ಐಆರ್ ದಾಖಲಾಯಿತು. ಆಶ್ರಮದ ಹೆಸರಿನ ಟಪಾಲನ್ನು ಗಂಗಾದೇವಿ ಎಂಬಾಕೆ ಒಯ್ಯುತ್ತಾಳೆಂದು ಅಂಚೆ ಕಚೇರಿಯಲ್ಲಿ ತಿಳಿಯಿತು. ಆಕೆ ಹಿಂದೆ ಒಂದು ಟ್ರಸ್ಟ್‌ನಲ್ಲಿ ದೇಣಿಗೆಯ ಕಾಗದ ಬರೆಯುತ್ತಿದ್ದಳು. ನೂರಿನ್ನೂರು ಮನೆಗೆ ಹೋಗುತ್ತಿದ್ದ ಕಾಗದ ಬರಬರುತ್ತ ಸಾವಿರಗಟ್ಟಲೆ ಹೋಯಿತು. ಲೆಕ್ಕ ಒಪ್ಪಿಸದ ಟ್ರಸ್ಟ್‌ನ ನೋಂದಣಿಯನ್ನು ಸರ್ಕಾರ ರದ್ದುಮಾಡಿತು. ಬಾಗಿಲು ಮುಚ್ಚಿದರೂ ವಿಳಾಸಗಳು ಗಂಗಾದೇವಿಯ ಬಳಿ ಉಳಿದವು.

ಮರುದಿನ ಅವಳ ಮನೆಯಲ್ಲಿ ಪಂಚನಾಮೆ. ಲಕೋಟೆ, ರಸೀದಿಗಳು ಸಿಕ್ಕವು. ಗೋಡೆಯ ಮೇಲೆ ಅದೇ ಫೋಟೋ ಇತ್ತು, ಅದಕ್ಕೆ ಹಾರ ಹಾಕಿತ್ತು.

"ಯಾರಿದು?" ಪೇದೆ ಪವಿತ್ರ ಕೇಳಿದಳು.

"ನನ್ ಮಗಳು. ಎಂಟು ವರ್ಷಕ್ಕೇ ಜ್ವರ ಬಂದು ಹೋಗ್ಬುಟ್ಲು."

"ಸತ್ತ ಮಗೀನ ಹೆಸರಲ್ಲಿ ದುಡ್ಡು ಕೇಳೋಕೆ ಮನಸ್ಸು ಹೆಂಗ್ ಬಂತಮ್ಮಾ?"

"ದುಡ್ಡು ತಿಂದಿದ್ದೀನಿ ಮೇಡಂ, ಇಲ್ಲ ಅನ್ನಲ್ಲ. ಆದ್ರೆ ರಮ್ಯ ಹೆಂಗವ್ಳೆ ಅಂತ ಕೇಳೋರು ಆ ಚಿನ್ನಪ್ಪಣ್ಣ ಒಬ್ರೇಯಾ. ಕಾಗ್ದದಾಗಾದ್ರೂ ಬೆಳೀತಿದ್ಲು. ಇದ್ದಿದ್ರೆ ಈ ವರ್ಷ ದೊಡ್ಡೋಳಾಗೋಳು. ತಡ್ಕಳಕ್ಕಾಗ್ಲಿಲ್ಲ, ಬರ್ದ್‌ಬುಟ್ಟೆ. ಮಾವ ಬತ್ತಾರೆ ಅಂತ ಹೊಳೀಲೇ ಇಲ್ಲ."

ಮಧ್ಯಾಹ್ನ ಬಂಧನವಾಯಿತು. ಅವಳನ್ನು ಕರೆತಂದಾಗ, ಠಾಣೆಯಲ್ಲೇ ಕಾದಿದ್ದ ಚಿನ್ನಪ್ಪ ವಿಷಯ ಕೇಳಿ ಕೆಂಡವಾದ. "ಐದು ವರ್ಷ ನನ್ನ ಮಂಗ ಮಾಡ್ಬುಟ್ಯಲ್ಲಮ್ಮಾ!" ಎಂದು ಕೂಗಾಡಿದವನು ಆಮೇಲೆ ಬೆಂಚಿನ ಮೇಲೆ ಕುಸಿದು ಅತ್ತುಬಿಟ್ಟ. ಯಾರೂ ಸಮಾಧಾನ ಮಾಡಲಿಲ್ಲ. ಕಡೆಗೆ ತಟ್ಟೆ ಎತ್ತಿಕೊಂಡು ಹೊರಟ.

"ಅಣ್ಣಾ," ಎಂದಳು ಗಂಗಾದೇವಿ. "ಸೀರೆ ಯಾವ್ ಬಣ್ಣ?"

ಅವನು ತಿರುಗಲಿಲ್ಲ. "ಗಿಳಿಹಸಿರು."

"ಅವಳ್ಗೆ ಒಪ್ಪಿರೋದು."

ಚಿನ್ನಪ್ಪ ಹಿಂದಿರುಗಿ ಬಂದ. ತಟ್ಟೆಯನ್ನು ಅವಳ ಮುಂದಿಟ್ಟು, ಹೊಸೂರು ಬಸ್ಸಿಗೆ ನಡೆದ.