ಫುಟ್‌ಬೋರ್ಡ್ ಮೇಲಿನ ಚಪ್ಪಲಿ

ಬೆಳಿಗ್ಗೆ ಏಳೂವರೆಗೆ ಠಾಣೆಗೆ ಬಂದ ದೂರು ಚಿಕ್ಕದು. ಬೈಪಾಸ್ ರಸ್ತೆಯ ಬದಿಯಲ್ಲಿ ನಡೆದುಹೋಗುತ್ತಿದ್ದ ತನ್ನ ಭಾಮೈದನಿಗೆ ಯಾವುದೋ ಗಾಡಿ ಗುದ್ದಿ ನಿಲ್ಲಿಸದೆ ಹೋಗಿದೆ. ನಂಬರು ಗೊತ್ತಿಲ್ಲ. ಹುಡುಗ ಆಸ್ಪತ್ರೆಯಲ್ಲಿದ್ದಾನೆ, ಜೀವವಿದೆ, ಪ್ರಜ್ಞೆಯಿಲ್ಲ.

ದೂರು ಕೊಟ್ಟ ಭಾವ ಸ್ವಂತ ಲಾರಿ ಇಟ್ಟುಕೊಂಡವನು. ಮೊದಲ ಸಹಿ ತಪ್ಪಿ, ಎರಡನೇ ಸಲ ಹಾಕಬೇಕಾಯಿತು. ಇನ್‌ಸ್ಪೆಕ್ಟರ್ ಮೇಡಂ ಎಫ್‌ಐಆರ್ ದಾಖಲಿಸಿ, "ಹೋಗಿ ಅವನ ಪಕ್ಕದಲ್ಲೇ ಇರಿ. ಎಚ್ಚರ ಆದ ತಕ್ಷಣ ನಂಗೆ ಹೇಳಿ," ಎಂದರು. ಅವನನ್ನು ಜೀಪಿನಲ್ಲಿ ಆಸ್ಪತ್ರೆಗೆ ಬಿಟ್ಟುಬಂದವನು ಡ್ರೈವರ್ ಕಾನ್‌ಸ್ಟೇಬಲ್. ಕಾರಣವಿಲ್ಲದೆ ಹಾರ್ನ್ ಒತ್ತುವ ಚಾಳಿಗೆ ಠಾಣೆಯವರು ಅವನಿಗೆ ಹಾರ್ನಪ್ಪ ಎಂದು ಹೆಸರಿಟ್ಟಿದ್ದರು. ಪೊಲೀಸ್ ಕೆಲಸ ಸಿಗುವ ಮುನ್ನ ಅವನೂ ಲಾರಿ ಓಡಿಸಿದವನೇ.

ಸ್ಥಳ ಪಂಚನಾಮೆಗೆಂದು ಮೇಡಂ, ಹಾರ್ನಪ್ಪ, ಒಬ್ಬ ಪೇದೆ ಬೈಪಾಸಿಗೆ ಹೋದರೆ ಬರೆಯಲು ಏನೂ ಇರಲಿಲ್ಲ. ಗಾಜಿನ ಚೂರಿಲ್ಲ, ಬ್ರೇಕ್ ಒತ್ತಿದ ಗುರುತಿಲ್ಲ.

"ಮೇಡಂ, ಹುಡುಗ ಆಸ್ಪತ್ರೆಗೆ ಬಂದಾಗ ಬರಿಗಾಲಲ್ಲಿದ್ದನಂತೆ," ಎಂದ ಹಾರ್ನಪ್ಪ. "ಗುದ್ದಿದ ರಭಸಕ್ಕೆ ಹಾರಿದ್ರೂ ಚಪ್ಪಲಿ ಇಲ್ಲೇ ಎಲ್ಲಾದ್ರೂ ಬಿದ್ದಿರಬೇಕಲ್ಲ."

ಚರಂಡಿ, ಪೊದೆ ಎಲ್ಲ ಜಾಲಾಡಿದರು. ಸಿಗಲಿಲ್ಲ.

ಅಲ್ಲಿಂದ ಭಾವನ ಲಾರಿ ನಿಲ್ಲುವ ಯಾರ್ಡಿಗೆ; ಹುಡುಗನೂ ಅದೇ ಲಾರಿಯಲ್ಲಿ ಕೆಲಸಕ್ಕಿದ್ದ. ಗೇಟಿನ ಕಾವಲುಗಾರ ಬೀಡಿ ಬಿಸಾಡಿ ಎದ್ದು ನಿಂತ.

"ಬೆಳಕಾಗೋ ಹೊತ್ತಿಗೆ ಭಾವ, ಭಾಮೈದ ಇಬ್ರೂ ಬಂದ್ರು ಮೇಡಂ. ಆಮೇಲೆ ಭಾವ ಟೆಂಪೊ ತಗೊಂಡು ಹೊರಗೆ ಹೋದ."

"ಹುಡುಗ?"

"ಅವನು ನಡ್ಕೊಂಡು ಹೋಗಿದ್ದನ್ನ ನಾನಂತೂ ನೋಡ್ಲಿಲ್ಲ."

"ನಿದ್ದೆ ಮಾಡ್ತಿದ್ಯಾ?"

"ಈ ಸೊಳ್ಳೆಗಳು ಬಿಟ್ರೆ ತಾನೆ ಮೇಡಂ!"

ಗೋದಾಮಿನ ಹಿಂದೆ ಲಾರಿ ನಿಂತಿತ್ತು. ಹಾರ್ನಪ್ಪ ಹತ್ತಿರ ಹೋದವನು ಹಾಗೇ ನಿಂತುಬಿಟ್ಟ. ಡ್ರೈವರ್ ಬದಿಯ ಫುಟ್‌ಬೋರ್ಡಿನ ಮೇಲೆ ಒಂದು ಜೊತೆ ಚಪ್ಪಲಿ, ಅಚ್ಚುಕಟ್ಟಾಗಿ ಜೋಡಿಸಿಟ್ಟಂತೆ.

"ಏನೋ?"

"ರಿಪೇರಿಗೆ ಅಂತ ಲಾರಿ ಅಡಿಗೆ ಹೋಗೋನು ಚಪ್ಪಲಿ ಇಲ್ಲಿ ಬಿಟ್ಟು ಹೋಗ್ತಾನೆ ಮೇಡಂ, ಲಾರಿಯವ್ರ ಪದ್ಧತಿ. ಚಪ್ಪಲಿ ಇರೋವರೆಗೂ ಯಾರೂ ಗಾಡಿ ಸ್ಟಾರ್ಟ್ ಮಾಡಲ್ಲ. ಆಚೆ ಬಂದ ಮೇಲೆ ಅವನೇ ಹಾಕ್ಕೋಬೇಕು. ಬೇರೆಯವರು ಮುಟ್ಟೋ ಹಾಗಿಲ್ಲ."

"ಅಂದ್ರೆ?"

"ಹುಡುಗ ಅಡಿಯಿಂದ ತಾನಾಗಿ ಎದ್ದು ಬರಲೇ ಇಲ್ಲ."

ಮೇಡಂ ಮಂಡಿಯೂರಿ ಟಾರ್ಚ್ ಬಿಟ್ಟರು. ಜಾಕ್ ಅಡ್ಡಬಿದ್ದಿತ್ತು. ಪಕ್ಕದಲ್ಲಿ ಹೊಸದಾಗಿ ಸುರಿದ ಮರಳು. ಟಾರ್ಚಿನ ತುದಿಯಿಂದ ಸರಿಸಿದರೆ ಅಡಿಯಲ್ಲಿ ರಕ್ತ.

ಮೇಡಂಗೂ ಹಾರ್ನಪ್ಪನಿಗೂ ಒಂದೇ ಯೋಚನೆ ಬಂತು. ಎಚ್ಚರವಾದರೆ ನಡೆದದ್ದನ್ನು ಹೇಳಬಲ್ಲವನು ಆ ಹುಡುಗ ಒಬ್ಬನೇ. ಅವನ ಪಕ್ಕದಲ್ಲಿ ಕೂತಿರುವವನು ಭಾವ.

"ನಾನೇ ಬಿಟ್ಟುಬಂದೆ ಮೇಡಂ..."

"ಕಳಿಸಿದವಳು ನಾನು. ಗಾಡಿ ತೆಗಿ!"

ಜೊತೆಗಿದ್ದ ಪೇದೆಯನ್ನು ಲಾರಿಯ ಕಾವಲಿಗೆ ಬಿಟ್ಟು ಹೊರಟರು. ಮೇಡಂ ವಾರ್ಡಿಗೆ ಫೋನ್ ಮಾಡುತ್ತಲೇ ಇದ್ದರು. ಗಂಟೆ ಹೊಡೆಯುತ್ತಿತ್ತು, ಎತ್ತುವವರಿಲ್ಲ. ಆವತ್ತು ಹಾರ್ನಪ್ಪನ ಹಾರ್ನಿಗೆ ಕಾರಣವಿತ್ತು, ಆದರೆ ಮುಂದಿನ ಗಾಡಿಗಳು ಸರಿಯಲೊಲ್ಲವು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಹುಡುಗನ ಅಕ್ಕ, ಅಂದರೆ ಲಾರಿಯವನ ಹೆಂಡತಿ, ಕೂತಿದ್ದಳು.

"ನಮ್ಮನೆಯವ್ರು ಒಳಗಿದಾರೆ. ನೀನು ಅತ್ರೆ ಅವನಿಗೆ ಕೇಳ್ಸುತ್ತೆ, ಆಚೆ ಇರು ಅಂದ್ರು."

ಹಾರ್ನಪ್ಪ ಬಾಗಿಲು ತಳ್ಳಿದ. ಮಂಚದ ಸುತ್ತ ಪರದೆ ಎಳೆದಿತ್ತು. ಸರಿಸಿದರೆ, ಭಾವನ ಬೆರಳುಗಳು ಆಕ್ಸಿಜನ್ ಕೊಳವೆಯ ಮೇಲಿದ್ದವು.

"ಕೈ ತೆಗಿ," ಎಂದರು ಮೇಡಂ, ಮೆಲ್ಲಗೆ.

ತೆಗೆದ. ಹುಡುಗನ ಎದೆ ಏರಿತು, ಇಳಿಯಿತು, ಮತ್ತೆ ಏರಿತು.

"ಆಗ್ಲಿಲ್ಲ ಮೇಡಂ," ಎಂದ ಭಾವ. "ಆಗಿಂದ ಹೀಗೇ ಹಿಡ್ಕೊಂಡು ಕೂತಿದೀನಿ. ಕಿತ್ತುಬಿಡೋಣ ಅನ್ಸುತ್ತೆ, ಆಗಲ್ಲ."

"ಜಾಕ್ ಜಾರಿದ್ದು ಹೇಗೆ?"

"ತಾನಾಗೇ ಜಾರ್ತು. ನನ್ನಾಣೆ."

"ಮತ್ತೆ ರಸ್ತೆಗೆ ಯಾಕೆ ಸಾಗಿಸ್ದೆ? ನಿನ್ನ ಹತ್ರ ಕಾರ್ಮಿಕರ ವಿಮೆ ಇಲ್ವಾ?"

"ಇದೆ. ಅದಿಲ್ದೆ ಯಾರ್ಡ್ ಒಳಗೇ ಬಿಡಲ್ಲ. ಆದ್ರೆ ಸ್ವಂತ ಲಾರಿ, ನಾನೇ ಓಡಿಸ್ತೀನಿ, ಆಳು ಯಾರೂ ಇಲ್ಲ ಅಂತ ಬರೆಸಿದ್ದೆ. ಆಳಿದಾನೆ ಅಂದ್ರೆ ಕಂತು ಜಾಸ್ತಿ. ಹಾಗೆ ಬರೆಸಿದ್ರೆ ಅವನಿಗಿರ್ಲಿ, ಮಾಲೀಕ ನನಗೂ ಏನೂ ಸಿಗಲ್ಲ, ಆ ಕಾಗದ ಗೇಟಲ್ಲಿ ತೋರ್ಸೋಕೆ ಮಾತ್ರ."

"ಹುಡುಗ ನಿನ್ನ ಆಳಲ್ವಾ?"

"ಮನೆ ಹುಡುಗ ಅಲ್ವಾ ಮೇಡಂ... ಆಳು ಅಂತ ಹೇಗೆ ಬರೆಸ್ಲಿ?" ಮುಖ ಮುಚ್ಚಿಕೊಂಡ. "ಯಾರ್ಡಲ್ಲಿ ಆಯ್ತು ಅಂದ್ರೆ ಎಲ್ಲಾ ನನ್ನ ತಲೆ ಮೇಲೆ. ಲಾರಿ ಹೋಗುತ್ತೆ, ಮನೆ ಹೋಗುತ್ತೆ. ರಸ್ತೆಲಾದ್ರೆ ಯಾವುದೋ ಗೊತ್ತಿಲ್ದಿರೋ ಗಾಡಿ ಮೇಲೆ ಹೋಗುತ್ತೆ ಅಂತ... ಹೆದರಿಬಿಟ್ಟೆ. ಟೆಂಪೊದಲ್ಲಿ ಅವನಿಗೆ ಎಚ್ಚರ ಇತ್ತು. ‘ಆಸ್ಪತ್ರೆ ಈ ಕಡೆ ಅಲ್ಲ ಭಾವ’ ಅಂದ."

ಪರದೆಯ ಆಚೆ ಅಕ್ಕ ನಿಂತಿದ್ದಳು. ಯಾವಾಗ ಬಂದಳೋ. ಅಳಲಿಲ್ಲ. ಗಂಡನನ್ನು ಸುತ್ತುಹಾಕಿ ಹೋಗಿ ತಮ್ಮನ ಕಾಲ ಬಳಿ ಕೂತಳು.

ಹನ್ನೊಂದು ಹತ್ತಕ್ಕೆ ದಸ್ತಗಿರಿಯಾಯಿತು. ಜೀಪು ಹತ್ತುವಾಗ ಮೇಡಂ ಕೇಳಿದರು: "ರಕ್ತದ ಮೇಲೆ ಮರಳು ಸುರಿಯೋಕೆ ನೆನಪಿತ್ತು. ಚಪ್ಪಲಿ ಯಾಕೆ ಬಿಟ್ಟೆ?"

ಅವನು ಅರ್ಥವಾಗದವನಂತೆ ನೋಡಿದ. "ಅದನ್ನ ಮುಟ್ಟಬಾರದಲ್ಲ ಮೇಡಂ," ಎಂದ.

ಮಧ್ಯಾಹ್ನ ಯಾರ್ಡಿನಲ್ಲಿ ಜಪ್ತಿ ಪಂಚನಾಮೆ. ಪಂಚರಾಗಿ ಬಂದ ಇಬ್ಬರು ಡ್ರೈವರುಗಳು ದೂರವೇ ನಿಂತರು. ಮೇಡಂ ಚೀಲ ಚಾಚಿದರು. ಹಾರ್ನಪ್ಪ ಚಪ್ಪಲಿಗೆ ಕೈ ಹಾಕುವ ಮೊದಲು ನೆಲಕ್ಕೆ ಬಗ್ಗಿ ಲಾರಿಯ ಅಡಿ ನೋಡಿದ. ಯಾರೂ ಇರಲಿಲ್ಲ. ಆದರೂ ‘ಅಡಿಯಲ್ಲಿ ಯಾರಾದ್ರೂ ಇದೀರಾ?’ ಎಂದು ಒಮ್ಮೆ ಕೂಗಿ ಕೇಳಿದ.