ಉಡಿಯ ಅಕ್ಕಿ

ಮಲ್ಕಾಜ್‌ಗಿರಿ ಸ್ಟೇಶನ್ನಿನ ಸೇತುವೆ ಹತ್ತುವಾಗ ಉಷಾ ದಿನವೂ ನಡುವೆ ನಿಂತು ಹಿಂತಿರುಗಿ ನೋಡುತ್ತಿದ್ದಳು. ತನಗಾಗಿಯೇ ಎಂದು, ಹಿಂದೆ ಮೆಟ್ಟಿಲು ಹತ್ತುತ್ತಿದ್ದ ನಾಚಾರಂ ಫ್ಯಾಕ್ಟರಿಯ ನೌಕರ ವೈಜನಾಥ ಹಿಗ್ಗಿ ಹೀರೇಕಾಯಿಯಾದ. ಕಡೆಗೆ ಕೇಳಿಯೇ ಬಿಟ್ಟ.

“ನನ್ನ ಸಲುವಾಗಿ ನಿಂತೀರೇನ್ರಿ?”

“ಉಸಿರಿನ ಸಲುವಾಗಿ ನಿಂತೀನ್ರಿ. ಹೃದಯದಾಗ ತೂತು ಇಟ್ಕೊಂಡ ಹುಟ್ಟೀನಿ.” ಅವನ ಮುಖ ಬಾಡಿದ್ದು ಕಂಡು ಅವಳಿಗೆ ನಗು ಬಂತು. “ನಿಂತ ಮ್ಯಾಲೆ ನಿಮ್ಮನ್ನ ನೋಡಿದ್ದೂ ಖರೇನ.”

ಆರನೇ ವಯಸ್ಸಿಗೇ ಆಪರೇಷನ್ ಆಗಿತ್ತು, ಆದರೂ ಆಸ್ಪತ್ರೆಯ ಓಡಾಟ ತಪ್ಪಿರಲಿಲ್ಲ. ಗೆಳತಿಯರು ಪಿಕ್ನಿಕ್ಕಿಗೆ ಹೋದಾಗ ಇವಳು ಹೃದಯ ಪರೀಕ್ಷೆಯ ಎಕೋ ಕೋಣೆಯ ಬೆಂಚಿನ ಮೇಲೆ ಕೂತು ಬೆಳೆದಳು. ಈಗ ಅಲ್ಲಿಗೆ ವೈಜನಾಥನ ಚೇತಕ್ ಸ್ಕೂಟರಿನ ಮೇಲೆ ಹೋಗುತ್ತಿದ್ದಳು. ಬ್ಲೌಸಿನ ಅಂಚಿನಲ್ಲಿ ಇಣುಕುವ ಗಾಯದ ಗೆರೆ ಕಂಡು ಅವನು ಕಣ್ಣು ತಪ್ಪಿಸಿದರೆ, “ನೋಡ್ರಿ, ಅದು ಕಚ್ಚಂಗಿಲ್ಲ” ಎಂದು ಕೆಣಕುತ್ತಿದ್ದಳು.

ಮದುವೆಯ ಮಾತು ಬಂದ ವಾರವೇ ಡಾಕ್ಟರು ಇಬ್ಬರಿಗೂ ತೆಲುಗಿನಲ್ಲಿ ಮೆಲ್ಲಗೆ ಹೇಳಿದರು. ವಾಲ್ವು ಸೋರುತ್ತಿದೆ. ಬಸಿರಾದರೆ ಜೀವಕ್ಕೇ ಅಪಾಯ.

“ಅವ್ವಗ ಈಗ ಹೇಳಬ್ಯಾಡ,” ಎಂದ ವೈಜನಾಥ. “ಮದಿವಿ ಆಗಲಿ, ನಾನ ಹೇಳ್ತೀನಿ. ನನಗ ನೀ ಸಾಕು.”

ಆ ಮಾತನ್ನು ನಂಬಬೇಕೆಂದು ಉಷಾಗೆ ಎಷ್ಟು ಆಸೆಯಾಯಿತೆಂದರೆ, ಹೂಂ ಅಂದುಬಿಟ್ಟಳು.

ಶುಕ್ರವಾರ ಅವನ ತಾಯಿ ಪಾರ್ವತಿಬಾಯಿ ಮಗನ ಜೊತೆ ಉಷಾಳ ಮನೆಗೆ ಉಡಿ ತುಂಬಲು ಬಂದರು. ಉಷಾ ಮಣೆಯ ಮೇಲೆ ಕೂತು ಸೆರಗು ಹರಡಿದಳು. ಒಬ್ಬನೇ ಮಗನ ತಾಯಿ, ಬೊಗಸೆ ತುಂಬ ಅಕ್ಕಿ ಎತ್ತುವಾಗಲೇ ಅವರ ಕಣ್ಣು ತುಂಬಿತ್ತು.

“ಬರೋ ವರ್ಷ ನಮ್ಮನ್ಯಾಗ ತೊಟ್ಟಿಲ ಕಟ್ಟೂಣವ್ವಾ.”

ಉಷಾ ಅವರ ಕೈ ಹಿಡಿದಳು. “ಹಾಕಬ್ಯಾಡ್ರಿ. ಕೂಸು ಹೊತ್ತರ ನಾ ಉಳಿಯಂಗಿಲ್ಲಂತ. ಡಾಕ್ಟರ್ ಹೇಳ್ಯಾರ.”

ಪಾರ್ವತಿಬಾಯಿ ಬಯ್ಯಲಿಲ್ಲ. ಮಗನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ. ಅವರು ಅಕ್ಕಿಯನ್ನು ಮರಳಿ ತಟ್ಟೆಗೆ ಸುರಿದು, ಉಷಾಳ ಹಣೆಗೆ ಕುಂಕುಮ ಮಾತ್ರ ಹಚ್ಚಿ, ಚಪ್ಪಲಿ ಹುಡುಕುತ್ತ ಹೊರಗೆ ಹೋದರು.

ವೈಜನಾಥ ಗೇಟಿನ ಹತ್ತಿರ ನಿಂತ. “ಒಂದು ಸುಳ್ಳು ಹೇಳಿದ್ರ ನಾವಿಬ್ರೂ ಕೂಡಿ ಇರ್ತಿದ್ವಿ, ಉಷಾ.”

“ಆರಾಮಾಗ್ತಿ, ಆರಾಮಾಗ್ತಿ ಅಂತ ಎಲ್ಲಾರೂ ನನಗ ಸುಳ್ಳು ಹೇಳ್ಕೋತ ಬಂದಾರ. ನಂಬಿದವರಿಗೆ ಏನಾಗ್ತದ ಅಂತ ನನಗ ಗೊತ್ತೈತಿ. ನಿಮ್ಮವ್ವಗ ಹಂಗ ಮಾಡಾಕ ನನ್ನ ಕೈಲಿ ಆಗಲಿಲ್ಲ.”

“ಅವ್ವನ್ನ ಬಿಟ್ಟ ಬರ್ಲೇನು?”

ಅವನು ಕೇಳಿದ್ದು ಅಪ್ಪಣೆಯನ್ನು. ಬರುವವನಾಗಿದ್ದರೆ ಕೇಳುತ್ತಿರಲಿಲ್ಲ.

“ಬ್ಯಾಡ. ನಿಮ್ಮ ಮ್ಯಾಲೆ ನನಗ ಭಾಳ ಪ್ರೀತಿ ಐತಿ. ಒಮ್ಮಿನೂ ಬಾಯಿಬಿಟ್ಟ ಹೇಳಿರಲಿಲ್ಲ. ಈಗ ಹೇಳೀನಿ, ಹೋಗ್ರಿ.”

ತಾಯಿಯನ್ನು ಹಿಂದೆ ಕೂರಿಸಿಕೊಂಡು ಅವನು ಹೊರಟ. ಅತ್ತರೆ ಉಸಿರು ಕಟ್ಟುತ್ತದೆಂದು ಮನೆಯವರು ಅವಳನ್ನು ಹಸುಗೂಸಾಗಿದ್ದಾಗಿನಿಂದ ಅಳಗೊಡದೆ ಬೆಳೆಸಿದ್ದರು. ಉಷಾ ಗೇಟಿನ ಸರಳು ಹಿಡಿದು ಮನಸಾರೆ ಅತ್ತಳು.