ಒಂದು ಲಿಫ್ಟ್ ಮಾತ್ರ ನಿಲ್ಲಲಿಲ್ಲ

ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದವನ ಅಂಗಿಯ ಮೇಲೆ ಹೆಂಡತಿಯ ರಕ್ತ ಇನ್ನೂ ಒಣಗಿರಲಿಲ್ಲ. ಅವರ ಕಟ್ಟಡದ ಲಿಫ್ಟ್ ಮೂರನೇ ಮಹಡಿಯಿಂದ ಬಿದ್ದಿತ್ತು. ಒಳಗಿದ್ದ ಆಕೆ ಈಗ ಐಸಿಯುನಲ್ಲಿದ್ದಳು.

"ಮೂರು ತಿಂಗಳಿಂದ ದುಡ್ಡು ಬಂದಿಲ್ಲ, ಅದಕ್ಕೇ ಸರ್ವೀಸ್ ನಿಲ್ಸಿದೀವಿ ಅಂತಾರೆ ಲಿಫ್ಟ್ ಕಂಪನಿಯವರು. ನಾವೆಲ್ಲ ಕೊಟ್ಟಿದೀವಿ ಮೇಡಂ. ನಮ್ಮ ಸೆಕ್ರೆಟರಿ ನುಂಗಿ ನೀರು ಕುಡಿದಿದಾರೆ."

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಮತ್ತು ಹೆಡ್ ಕಾನ್ಸ್‌ಟೇಬಲ್ ಸ್ಥಳಕ್ಕೆ ಹೋಗಿ ಪಂಚನಾಮೆ ಮುಗಿಸಿದರು. ಲಿಫ್ಟಿನ ಬ್ರೇಕ್ ಪೂರ್ತಿ ಸವೆದಿತ್ತು.

ಸೆಕ್ರೆಟರಿಯ ಬಾಗಿಲನ್ನು ಜನ ಗುದ್ದುತ್ತಿದ್ದರು. ಒಳಗಿದ್ದ ಸೆಕ್ರೆಟರಿ, ಒಬ್ಬ ನಿವೃತ್ತ ಮೇಷ್ಟ್ರು, ತಮ್ಮ ಫೋನ್ ತೆಗೆದುಕೊಟ್ಟರು. ಪ್ರತಿ ತಿಂಗಳೂ ಕಂಪನಿಯಿಂದ ಬಾಕಿಯ ರಿಮೈಂಡರ್ ಬಂದಿತ್ತು, ಅದರಲ್ಲಿದ್ದ ಖಾತೆಗೆ ಅಂದೇ ಹಣ ಹೋಗಿತ್ತು. ಆದರೆ ಹಳೆಯ ಬಿಲ್ಲಿನಲ್ಲಿದ್ದ ಖಾತೆ ಸಂಖ್ಯೆಯೇ ಬೇರೆ.

"ಯಾರ ಖಾತೆ ಅಂತ ಬ್ಯಾಂಕಿನವರು ನಾಳೆ ಹೇಳ್ತಾರಂತೆ," ಎಂದ ಹೆಡ್ ಕಾನ್ಸ್‌ಟೇಬಲ್.

"ನಾಳೆವರೆಗೆ ಈ ಬಾಗಿಲು ತಡೆಯಲ್ಲ," ಎಂದು ಇನ್‌ಸ್ಪೆಕ್ಟರ್ ಅಲ್ಲೊಬ್ಬ ಕಾನ್ಸ್‌ಟೇಬಲ್‌ನನ್ನು ನಿಲ್ಲಿಸಿ ಹೊರಟರು.

ಲಿಫ್ಟ್ ಕಂಪನಿಯ ಆಫೀಸಿನಲ್ಲಿ ಎರಡು ಮೇಜು, ಒಂದು ಕಂಪ್ಯೂಟರ್. ಮಾಲೀಕನಿಗೆ ತನ್ನ ಬಿಲ್ಲಿಂಗ್ ಸಾಫ್ಟ್‌ವೇರ್ ಬಗ್ಗೆ ಎಲ್ಲಿಲ್ಲದ ಹೆಮ್ಮೆ.

"ಬಾಕಿ ಇರೋರಿಗೆ ರಿಮೈಂಡರ್ ತಾನೇ ಹೋಗುತ್ತೆ. ಮೂರು ತಿಂಗಳಾದ್ರೆ ಸರ್ವೀಸೂ ತಾನೇ ನಿಲ್ಲುತ್ತೆ. ನಾನು ತಲೆ ಕೆಡಿಸ್ಕೊಳ್ಳೋದೇ ಇಲ್ಲ."

"ಪಾಸ್‌ವರ್ಡ್ ಯಾರ ಹತ್ರ ಇದೆ?"

"ನನ್ನ ಹತ್ರ, ಇವನ ಹತ್ರ."

ಇವನೆಂದರೆ ಬಿಲ್ ಮಾಡುವ ಗುಮಾಸ್ತ. ಸೌಮ್ಯ ಮನುಷ್ಯ, ಪೊಲೀಸರಿಗೆ ತಾನೇ ಎದ್ದು ಕುರ್ಚಿ ಹಾಕಿದ್ದ. "ಹೊರಗಿನವರು ಯಾರೋ ಕೈಯಾಡಿಸಿರ್ಬೇಕು ಮೇಡಂ," ಎಂದ.

ಇನ್‌ಸ್ಪೆಕ್ಟರ್ ಬಾಕಿದಾರರ ವಿವರ ತೆಗೆಸಿದರು. ಏಳು ಕಟ್ಟಡ. ಏಳಕ್ಕೂ ಹೋದ ರಿಮೈಂಡರಿನಲ್ಲಿ ಅದೇ ಕಳ್ಳ ಖಾತೆ. ಆರರ ಸರ್ವೀಸ್ ನಿಂತಿತ್ತು. ಏಳನೆಯದಕ್ಕೆ ಮಾತ್ರ 'ಸರ್ವೀಸ್ ನಿಲ್ಲಿಸು' ಎಂಬಲ್ಲಿನ ಟಿಕ್ಕನ್ನು ಯಾರೋ ತೆಗೆದಿದ್ದರು.

"ಇದೊಂದಕ್ಕೆ ಯಾಕೆ ಈ ಉಪಕಾರ?"

ಹೆಡ್ ಕಾನ್ಸ್‌ಟೇಬಲ್ ಆ ಕಟ್ಟಡಕ್ಕೇ ಹೋದ. 3.40ಕ್ಕೆ ಅವನ ಫೋನ್ ಬಂತು.

"ಐದನೇ ಮಹಡೀಲಿ ಒಬ್ರು ಅಜ್ಜಿ ಇದಾರೆ ಮೇಡಂ. ಗಾಲಿಕುರ್ಚಿ. ಮಗ ಲಿಫ್ಟ್ ಕಂಪನೀಲಿ ಬಿಲ್ ಮಾಡ್ತಾನಂತೆ. ಟೀ ಕುಡಿದೇ ಹೋಗ್ಬೇಕು ಅಂತಿದಾರೆ."

ಇನ್‌ಸ್ಪೆಕ್ಟರ್ ಗುಮಾಸ್ತನ ಎದುರು ಕುಳಿತರು.

"ದುಡ್ಡು ಬರದೇ ಇದ್ರೆ ಸರ್ವೀಸ್ ನಿಲ್ಲುತ್ತೆ ಅಂತ ಗೊತ್ತಿತ್ತಾ?"

"ಇಲ್ಲ ಮೇಡಂ. ಆಣೆ."

"ಗೊತ್ತಿಲ್ದೇ ಅಮ್ಮನ ಲಿಫ್ಟ್ ಉಳಿಸಿಕೊಂಡ್ರಾ?"

"ಬೀಳುತ್ತೆ ಅಂದ್ಕೊಂಡಿರ್ಲಿಲ್ಲ," ಎಂದ ಅವನು.

4.10ಕ್ಕೆ ಅವನ ಬಂಧನವಾಯಿತು. ಸುದ್ದಿ ಕೇಳಿ ಮೇಷ್ಟ್ರು ಹೊಸ್ತಿಲ ಮೇಲೆ ಕುಳಿತು ಅತ್ತರು. ಐಸಿಯುನಲ್ಲಿದ್ದವಳ ಜೀವಕ್ಕೆ ಅಪಾಯವಿಲ್ಲ, ಆದರೆ ಕಾಲಿನ ಬಗ್ಗೆ ಈಗಲೇ ಹೇಳಲಾಗದು ಎಂದರು ಡಾಕ್ಟರು.

ಐದು ತಿಂಗಳಿಂದ ಸಂಬಳವಿಲ್ಲ, ಅದಕ್ಕೇ ರಿಮೈಂಡರಿನಲ್ಲಿ ಖಾತೆ ಬದಲಿಸಿದೆ ಎಂದು ಗುಮಾಸ್ತ ಹೇಳಿಕೆ ಕೊಟ್ಟ. ಕೇಳಿದಾಗಲೆಲ್ಲ "ಬಾಕಿ ಬರ್ಲಿ, ಕೊಡೋಣ" ಎಂಬ ಉತ್ತರ. ದಿನವಿಡೀ ಊರವರಿಗೆಲ್ಲ ರಿಮೈಂಡರ್ ಕಳಿಸುವವನಿಗೆ ತನ್ನ ಬಾಕಿ ನೆನಪಿಸಲು ಆ ಸಾಫ್ಟ್‌ವೇರಿನಲ್ಲಿ ಜಾಗವಿರಲಿಲ್ಲ. ಇನ್‌ಸ್ಪೆಕ್ಟರಿಗೆ ಪಾಪ ಎನಿಸಿತು. ಆ ರಕ್ತದ ಅಂಗಿ ನೆನಪಾಗಿ, ಹಾಗೆನಿಸಿದ್ದಕ್ಕೆ ಸಿಟ್ಟೂ ಬಂತು.

ಅವರು ಮಾಲೀಕನನ್ನು ಕೇಳಿದರು, "ಐದು ತಿಂಗಳ ಸಂಬಳ ಕೊಟ್ಟಿಲ್ವಾ?"

"ಇರ್ಬಹುದು. ಅದಕ್ಕೂ ಇದಕ್ಕೂ ಏನು ಸಂಬಂಧ ಮೇಡಂ?"

ಇನ್‌ಸ್ಪೆಕ್ಟರ್ ಹೆಡ್ ಕಾನ್ಸ್‌ಟೇಬಲ್ ಕಡೆ ತಿರುಗಿದರು. "ಇವರು ಹೇಳಿದ್ದನ್ನ ಹಾಗೇ ಬರ್ಕೊಳ್ಳಿ. ಸಂಬಂಧ ಇದೆಯೋ ಇಲ್ವೋ ಕೋರ್ಟು ನೋಡ್ಲಿ."